ಬರ್ಮಾ ಯುದ್ಧದಲ್ಲಿ ತೀರಿಹೋದ ದೊಡ್ಡಜ್ಜನ ಹೆಸರಲ್ಲಿ ಒಕ್ಕದ ಹಾಕಿ: ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಅಜ್ಜನ ಅಣ್ಣ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ತೀರಿಹೋದರು, ದೇಹ ಕೊಡಗಿಗೆ ಬರಲೇ ಇಲ್ಲ, ಮನೆಯಲ್ಲಿ ಉಳಿದದ್ದು ಒಂದು ಫೋಟೋ ಮತ್ತು ಎರಡು ಪದಕ. ಬರುವ ಬೇಸಿಗೆಯಲ್ಲಿ ಒಕ್ಕದವರೆಲ್ಲ, ಅಂದರೆ ಮನೆತನದವರೆಲ್ಲ, ಮೂಲಮನೆಯಾದ ಐನ್‌ಮನೆಯಲ್ಲಿ ಸೇರುವಾಗ ಅವರ ನೆನಪಿಗೆ ಹಾಕಿ ಆಡಿಸಬೇಕು, ಹಾಡಿಸಬೇಕು, ಒಂದು ಕಲ್ಲು ನಿಲ್ಲಿಸಬೇಕು. ಮೊದಲು ಯಾವ ಕೆಲಸ?

ಮೊದಲು ಹೆಸರು. ಕಪ್ಪಿಗೆ, ಜೆರ್ಸಿಗೆ, ಕಲ್ಲಿಗೆ ದುಡ್ಡು ಕೊಡುವ ಮುಂಚೆ ಅವರ ಹೆಸರು, ಸೇನಾ ಸಂಖ್ಯೆ, ಪಡೆ, ತೀರಿಹೋದ ದಿನ ಈ ನಾಲ್ಕೂ ಖಚಿತವಾಗಲಿ. ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ವಿವರದಲ್ಲಿ ಪಡೆಯ ಹೆಸರೋ ಜಾಗವೋ ಒಂದಾದರೂ ತಪ್ಪಿರುವುದು ಸಾಮಾನ್ಯ. ತಪ್ಪನ್ನೇ ಕಲ್ಲಿನಲ್ಲಿ ಕೆತ್ತಿಸಿದರೆ ಮುಂದಿನವರು ಅದನ್ನೇ ನಿಜವೆಂದು ನಂಬುತ್ತಾರೆ.

ಪದಕಗಳಿಂದ ಶುರು ಮಾಡಿ, ಹೆಸರು, ಸಂಖ್ಯೆ ಅವುಗಳ ಮೇಲೇ ಒತ್ತಿರಬಹುದು. ಹುಣಸೆಹಣ್ಣು, ಬ್ರಾಸೊ, ಬೂದಿ ಯಾವುದನ್ನೂ ಹಚ್ಚಬೇಡಿ. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ, ಅಂಚಿನ ಅಕ್ಷರಗಳಂತೂ ಮೊದಲೇ ತೆಳು. ಆರು ಮೂಲೆಯ ಕಂಚಿನ ಬಣ್ಣದ ನಕ್ಷತ್ರವಿದ್ದು, ರಿಬ್ಬನ್ನಿನ ನಡುವೆ ಅಗಲದ ಕೆಂಪು, ಎರಡೂ ಕಡೆ ಕಡುನೀಲಿ, ಆ ನೀಲಿಯ ಮಧ್ಯೆ ಕಿತ್ತಳೆ ಗೆರೆ ಇದ್ದರೆ ಅದು ಬರ್ಮಾ ಸ್ಟಾರ್. ದುಂಡಗಿನ ಬಿಳಿ ಪದಕದ ಹಿಂಬದಿಯಲ್ಲಿ ಸಿಂಹ ಒಂದು ಪ್ರಾಣಿಯನ್ನು ಮೆಟ್ಟಿ ನಿಂತಿದ್ದರೆ ಅದು ವಾರ್ ಮೆಡಲ್. ಬ್ರಿಟನ್ನಿನ ಸೈನಿಕರಿಗೆ ಕೊಟ್ಟ ಈ ಪದಕಗಳಲ್ಲಿ ಹೆಸರಿರುವುದಿಲ್ಲ, ಆದರೆ ಭಾರತೀಯ ಸೇನೆಯವರದರಲ್ಲಿ ಸಾಮಾನ್ಯವಾಗಿ ಸಂಖ್ಯೆ, ದರ್ಜೆ, ಹೆಸರು, ಪಡೆ ಒತ್ತಿರುತ್ತಾರೆ: ನಕ್ಷತ್ರದಲ್ಲಿ ಬೆನ್ನ ಮೇಲೆ, ದುಂಡು ಪದಕದಲ್ಲಿ ಅಂಚಿನ ಸುತ್ತ. ಕತ್ತಲ ಕೋಣೆಯಲ್ಲಿ ಪದಕವನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ಹೆಚ್ಚುಕಡಿಮೆ ಮೇಜಿಗೆ ತಾಗಿಸಿ ಹಿಡಿಯಿರಿ. ಅಕ್ಷರದ ನೆರಳು ಎದ್ದು ಬರುತ್ತದೆ. ಅಂಚನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎಂಟು ಹತ್ತು ಫೋಟೋ ತೆಗೆಯಿರಿ. ಸಂಖ್ಯೆಯ ಒಂದು ಅಂಕಿಯನ್ನೂ ಊಹಿಸಿ ಬರೆದುಕೊಳ್ಳಬೇಡಿ.

ಪಡೆಯ ಹೆಸರು ಚುಟುಕಾಗಿ ಇರುತ್ತದೆ. ಆರ್.ಐ.ಎ.ಎಸ್.ಸಿ. ಅಂದರೆ ಸಾಮಗ್ರಿ ಮತ್ತು ಸಾಗಾಟದ ಪಡೆ, ಐ.ಇ. ಅಂದರೆ ಎಂಜಿನಿಯರ್ಸ್, ಐ.ಎ.ಎಂ.ಸಿ. ಅಂದರೆ ವೈದ್ಯಕೀಯ ಪಡೆ. ಜಮಾದಾರ್ ಅಂತ ಕಂಡರೆ ಈಗಿನ ಹುಡುಗರು ಬೇರೇನೋ ಅಂದುಕೊಳ್ಳುತ್ತಾರೆ, ಅದು ಇವತ್ತಿನ ನಾಯಬ್ ಸುಬೇದಾರ್ ದರ್ಜೆ.

ಸಂಖ್ಯೆ ಸಿಕ್ಕಿದ ಮೇಲೆ, ಯುದ್ಧದಲ್ಲಿ ಮಡಿದವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಿ, ದುಡ್ಡು ಕೊಡಬೇಕಾಗಿಲ್ಲ. ಎರಡನೇ ಯುದ್ಧಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ತನಕ, ಮೊದಲನೆಯದಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ತನಕ ಸೇವೆಯಲ್ಲಿರುವಾಗ ತೀರಿಹೋದವರು ಅದರಲ್ಲಿ ಬರುತ್ತಾರೆ. ಕಾಯಿಲೆಯಿಂದ, ಅಪಘಾತದಿಂದ ಹೋದವರೂ ಸೇರುತ್ತಾರೆ. ಬರ್ಮಾದಲ್ಲಿ ಮಲೇರಿಯಾ, ಆಮಶಂಕೆಗಳಿಗೆ ಬಲಿಯಾದವರೂ ಬಹಳ, ಹಾಗಾಗಿ “ಗುಂಡೇಟಿನಿಂದ ಸತ್ತದ್ದಲ್ಲವಂತೆ” ಅಂತ ಹುಡುಕಾಟ ನಿಲ್ಲಿಸಬೇಡಿ.

ಹುಡುಕಾಟ ಕೆಡುವುದು ಹೆಸರಿನ ಕಾಗುಣಿತದಲ್ಲಿ. ಒಕ್ಕದ ಹೆಸರು ದಾಖಲೆಯಲ್ಲಿ ಒಂದೇ ಇನಿಶಿಯಲ್ ಆಗಿರಬಹುದು, ಪೂರ್ತಿ ಬಿಟ್ಟೂ ಹೋಗಿರಬಹುದು. ಪೂಣಚ್ಚ ಎಂಬುದನ್ನು ಇಂಗ್ಲಿಷಿನಲ್ಲಿ ಎರಡು ‘ಒ’ ಹಾಕಿ ಬರೆದವರಿದ್ದಾರೆ, ಒಂದು ‘ಯು’ ಹಾಕಿ ಬರೆದವರಿದ್ದಾರೆ, ಕೊನೆಯಲ್ಲಿ ‘ಸಿ’ಯ ಹಿಂದೆ ‘ಟಿ’ ಸೇರಿಸಿದವರೂ ಇದ್ದಾರೆ. ಅದಕ್ಕೇ ಹೆಸರಿನ ಖಾನೆ ಖಾಲಿ ಬಿಟ್ಟು ಸಂಖ್ಯೆಯಿಂದ ಮಾತ್ರ ಹುಡುಕಿ. ಸಂಖ್ಯೆಯೂ ಇಲ್ಲದಿದ್ದರೆ, ಸೇನೆ ಭಾರತೀಯ ಸೇನೆ ಅಂತ ಆಯ್ದು, ಹೆಚ್ಚುವರಿ ಮಾಹಿತಿಯ ಖಾನೆಯಲ್ಲಿ ‘ಕೂರ್ಗ್’ ಹಾಕಿ. ಊರುಗಳಿಗೂ ಹಳೆಯ ಹೆಸರೇ: ಮಡಿಕೇರಿ ‘ಮರ್ಕಾರ’, ಕುಶಾಲನಗರ ‘ಫ್ರೇಸರ್‌ಪೇಟ್’. ತಂದೆಯ ಹೆಸರು, ಊರು ಎರಡೂ ಹೊಂದಿದರೆ ಮಾತ್ರ ನಮ್ಮವರು ಅಂತ ಒಪ್ಪಿಕೊಳ್ಳಿ. ಒಂದೇ ಹೆಸರಿನ ಇಬ್ಬರು ಮೂವರು ಇದ್ದೇ ಇರುತ್ತಾರೆ.

ನಿಮ್ಮವರ ಪುಟದಲ್ಲಿ ಸಮಾಧಿಯ ಬದಲು ಸ್ಮಾರಕವೊಂದರ ಹೆಸರು ಬಂದರೆ ನೊಂದುಕೊಳ್ಳಬೇಡಿ. ಹಿಂದೂ ಮತ್ತು ಸಿಖ್ ಸೈನಿಕರನ್ನು ಆದಷ್ಟು ದಹನ ಮಾಡುತ್ತಿದ್ದರು, ಅವರ ಹೆಸರುಗಳು ದಹನ ಸ್ಮಾರಕಗಳ ಮೇಲಿವೆ: ಕೊಹಿಮಾದಲ್ಲಿ 917, ಇಂಫಾಲದಲ್ಲಿ 868. ದೇಹ ಎಲ್ಲಿ ಅಂತಲೇ ಗೊತ್ತಾಗದವರ ಹೆಸರು ಯಾಂಗೋನಿನ ಉತ್ತರಕ್ಕೆ ತೌಕ್ಯಾನ್ ಎಂಬಲ್ಲಿರುವ ರಂಗೂನ್ ಸ್ಮಾರಕದಲ್ಲಿದೆ, ಅಲ್ಲಿ ಸುಮಾರು 27,000 ಹೆಸರುಗಳಿವೆ. ಮಲಯ, ಸಿಂಗಾಪುರದ ಕಡೆ ಹೋದವರದು ಸಿಂಗಾಪುರದ ಕ್ರಾಂಜಿಯಲ್ಲಿ. ಹೆಸರಿನ ಜೊತೆ ‘ಫೇಸ್’ ಅಥವಾ ‘ಕಾಲಂ’ ಅಂತ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ಇಷ್ಟು ಹೆಸರಿನ ನಡುವೆ ನಿಮ್ಮವರು ಸ್ಮಾರಕದ ಯಾವ ಬದಿಯಲ್ಲಿದ್ದಾರೆ ಅಂತ ತೋರಿಸುವುದು ಅದೊಂದೇ. ಮುಂದೆ ಮನೆಯವರು ಯಾರಾದರೂ ಅಲ್ಲಿಗೆ ಹೋದರೆ ಕೈಯಿಟ್ಟು ಮುಟ್ಟಬಹುದು.

ತೀರಿಹೋದ ದಿನದ ಬಗ್ಗೆ ಎಚ್ಚರ. ಕಾಣೆಯಾದವರಿಗೆ ಹಾಕಿರುವ ದಿನ ಎಷ್ಟೋ ಸಲ ಅಂದಾಜಿನದು, ಪಡೆ ಚದುರಿದ ದಿನವೋ ಶರಣಾದ ದಿನವೋ ಆಗಿರುತ್ತದೆ. ಸಿಂಗಾಪುರ ಬಿದ್ದ 1942ರ ಫೆಬ್ರವರಿ 15 ಹಾಗೆ ಬಹಳ ಹೆಸರುಗಳ ಮುಂದೆ ಬರುತ್ತದೆ. ಮನೆಯಲ್ಲಿ ಬೇರೆ ದಿನ ನಡೆಸಿಕೊಂಡು ಬಂದಿದ್ದರೆ ಅದನ್ನು ಬದಲಿಸಬೇಕಾಗಿಲ್ಲ. ದಾಖಲೆಯಲ್ಲಿ ಹೆಸರೇ ಇಲ್ಲದಿದ್ದರೆ ಹಳೆಯ ಟೆಲಿಗ್ರಾಂ, ಕುಟುಂಬ ಪಿಂಚಣಿಯ ಆದೇಶ, ಪದಕದ ಫೋಟೋ ಸೇರಿಸಿ ಕಮಿಷನ್ನಿಗೆ ಬರೆಯಿರಿ. ಮೊದಲ ಯುದ್ಧದ ಭಾರತೀಯರನ್ನು ಸರಿಸಮವಾಗಿ ನೆನೆಯಲಿಲ್ಲ ಎಂದು ಕಮಿಷನ್ನೇ 2021ರಲ್ಲಿ ಒಪ್ಪಿಕೊಂಡಿದೆ, ಆದ್ದರಿಂದ ಕೇಳಲು ಸಂಕೋಚ ಬೇಡ.

(ಇದೇ ಪ್ರಶ್ನೆ ಇರುವ ಬೇರೆಯವರಿಗೆ: 1947ರ ನಂತರ ಹೋದವರಾದರೆ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹೆಸರುಗಳನ್ನು ಕೆತ್ತಿರುವ ತ್ಯಾಗ ಚಕ್ರದಲ್ಲಿ ನೋಡಿ, 2019ರ ಫೆಬ್ರವರಿ 25ರಂದು ಉದ್ಘಾಟನೆಯಾದದ್ದು. ಸೇವಾ ದಾಖಲೆಗೆ ಆಯಾ ಪಡೆಯ ರೆಕಾರ್ಡ್ ಆಫೀಸಿಗೆ ಬರೆಯಬೇಕು: ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಬೆಂಗಳೂರು, ಫಿರಂಗಿ ಪಡೆಗೆ ನಾಸಿಕ್ ರೋಡ್. ವಿಳಾಸ ತಿಳಿಯದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಕೇಳಿ.)

ಈಗ ಐನ್‌ಮನೆಯ ಕೆಲಸ. ಯುದ್ಧದಲ್ಲಿ ಹೋದವರು ಕಾರೋಣರಲ್ಲಿ, ಅಂದರೆ ತೀರಿಹೋದ ಹಿರಿಯರಲ್ಲಿ ಒಬ್ಬರು, ಆದರೆ ಕೈಮಡದಲ್ಲಿರುವ (ಹಿರಿಯರ ಗುಡಿ) ಗುರುಕಾರೋಣ, ಅಂದರೆ ಒಕ್ಕದ ಮೂಲಪುರುಷ, ಬೇರೆ. ಹಾಗಾಗಿ ಕೈಮಡದ ಒಳಗೆ ಅವರ ಫೋಟೋ, ಕಲ್ಲು ಇಡುವ ಯೋಚನೆಯನ್ನು ಒಕ್ಕದ ಯಜಮಾನರಾದ ಪಟ್ಟೆದಾರರನ್ನು ಕೇಳದೆ ಮಾಡಬೇಡಿ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪದ ಎದುರು ಹಿರಿಯರು ಮೀದಿ (ಕಾರೋಣರಿಗೆ ಎಡೆ) ಇಡುವಾಗ ಅವರ ಹೆಸರನ್ನೂ ಎತ್ತಿ ಹೇಳಲಿ, ಅಷ್ಟು ಸಾಕು. ದಿನ ಯಾವುದೆಂದು ನನ್ನನ್ನು ಕೇಳಿದರೆ ಹಾಕಿಯ ದಿನವಲ್ಲ, ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ಬೆಳಗ್ಗೆ. ಕೋವಿಗೆ ತೋಕ್‌ಪೂ ಹೂವು ಸಿಕ್ಕಿಸಿ ಒಕ್ಕದವರೆಲ್ಲ ನಿಲ್ಲುವ ಹಬ್ಬ ಅದು. ಸಾಮಾನ್ಯವಾಗಿ ಬರುವುದು ಸೆಪ್ಟೆಂಬರ್ 3ಕ್ಕೆ, ಎರಡನೇ ಮಹಾಯುದ್ಧಕ್ಕೆ ಬ್ರಿಟನ್ ಇಳಿದದ್ದೂ 1939ರ ಅದೇ ದಿನ.

ಹಾಕಿಯನ್ನು ಶೋಕಸಭೆ ಮಾಡಬೇಡಿ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ 60 ಒಕ್ಕಗಳನ್ನು ಸೇರಿಸಿ ಕೌಟುಂಬಿಕ ಹಾಕಿ ಶುರು ಮಾಡಿದ್ದು ಚದುರಿಹೋದವರು ವರ್ಷಕ್ಕೊಮ್ಮೆಯಾದರೂ ಒಂದು ಮೈದಾನದಲ್ಲಿ ಸೇರಲಿ ಅಂತ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದ ಕಪ್ಪಿಗೆ 360 ಒಕ್ಕಗಳು ಬಂದವು. ಅಜ್ಜ, ಸೊಸೆ, ಹತ್ತು ವರ್ಷದ ಮೊಮ್ಮಗ ಒಂದೇ ತಂಡದಲ್ಲಿ ಓಡುವುದೇ ಅದರ ಜೀವ. ನಿಮ್ಮದು ಒಂದೇ ಒಕ್ಕದ ಪಂದ್ಯವಾದ್ದರಿಂದ ಕವಲುಗಳ ಪ್ರಕಾರ ಏಳೇಳು ಜನರ ನಾಲ್ಕು ತಂಡ ಮಾಡಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ಕಡೆ ಆಡಬಹುದೇ ಎಂಬುದನ್ನು ಆಮಂತ್ರಣದಲ್ಲೇ ಬರೆದುಬಿಡಿ. ಆಡಬಹುದು ಅಂತಲೇ ಬರೆಯಿರಿ. ದೊಡ್ಡಜ್ಜನ ತಂಗಿಯ ಮೊಮ್ಮಕ್ಕಳಿಗೂ ಅವರು ಅಷ್ಟೇ ಹತ್ತಿರ.

ಮೈದಾನ ಗದ್ದೆಯೇ ಆಗಿದ್ದರೆ ಹದ ಮಾಡಲು ಐದು ದಿನ ಇಟ್ಟುಕೊಳ್ಳಿ. ಒಣಗಿದ ಗದ್ದೆ ಬಿರುಕು ಬಿಟ್ಟಿರುತ್ತದೆ, ಭತ್ತದ ಕೂಳೆ ಗಟ್ಟಿಯಾಗಿ ನಿಂತಿರುತ್ತದೆ, 160 ಗ್ರಾಮಿನ ಗಟ್ಟಿ ಚೆಂಡು ಅದಕ್ಕೆ ತಾಗಿದರೆ ನೇರ ಮುಖಕ್ಕೇ ಹಾರುತ್ತದೆ. ಕೂಳೆಯನ್ನು ನೆಲಕ್ಕೆ ಸಮ ಕೊಯ್ದು, ಬಿರುಕಿಗೆ ಪುಡಿಮಣ್ಣು ತುಂಬಿ, ತೋಟದ ಸ್ಪ್ರಿಂಕ್ಲರ್ ತಂದು ನೆನೆಸಿ. ಎರಡು ದಿನ ಆರಲು ಬಿಟ್ಟು, ಕಾಲಿಟ್ಟರೆ ಅಚ್ಚು ಬೀಳಬೇಕು ಆದರೆ ಮಣ್ಣು ಅಂಟಬಾರದು ಎನ್ನುವ ಹದದಲ್ಲಿ ರೋಲರ್ ಓಡಿಸಿ. ಹಸಿಯಾಗಿರುವಾಗಲೇ ಓಡಿಸಿದರೆ ಮಣ್ಣು ರೋಲರಿಗೆ ಅಂಟಿ ಎದ್ದು ಬರುತ್ತದೆ, ಪೂರ್ತಿ ಒಣಗಿದ ಮೇಲೆ ಓಡಿಸಿ ಪ್ರಯೋಜನವಿಲ್ಲ. ಮಾರ್ಚ್-ಏಪ್ರಿಲಿನಲ್ಲಿ ಕಾಫಿ ಅರಳಿಸುವ ಹೂಮಳೆ ಬಂದರೆ ಕೆಲಸ ಅರ್ಧ ಉಳಿಯುತ್ತದೆ, ಆದರೆ ಕಾಫಿ ತೋಟದವರು ಯಾರೂ ಆ ವಾರ ಕೈಗೆ ಸಿಗುವುದಿಲ್ಲ. ಏಳು ಜನರ ಆಟಕ್ಕೆ ಅರ್ಧ ಮೈದಾನ, ಅಂದರೆ ಸುಮಾರು 55 ಮೀಟರ್ ಉದ್ದ, 45 ಮೀಟರ್ ಅಗಲ ಸಾಕು. ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ, ಹಿಂದೆ ಬಲೆ ಕಟ್ಟಲೇಬೇಕು. ಹದಿನೈದು ನಿಮಿಷದ ಎರಡು ಅವಧಿ ಇಡಿ. ವಯಸ್ಸು ಬೆರೆತ ಆಟದಲ್ಲಿ ಎರಡು ನಿಯಮ ಬಿಡಬಾರದು: ಚೆಂಡು ಮೊಣಕಾಲಿನ ಮೇಲೆ ಏಳಬಾರದು, ಬೀಸಿ ಹೊಡೆಯುವಂತಿಲ್ಲ, ತಳ್ಳುವುದು ಮಾತ್ರ. ಶಿನ್ ಗಾರ್ಡ್ ಇಲ್ಲದವರನ್ನು ಅಂಪೈರ್ ಒಳಗೆ ಬಿಡದಿರಲಿ, ಅವರು ಎಷ್ಟೇ ಹಿರಿಯರಾಗಿರಲಿ.

ಆಟಕ್ಕೆ ಮೊದಲು ದೊಡ್ಡಜ್ಜನ ಹೆಸರು, ಊರು, ಪಡೆ ಓದಿ ಒಂದು ನಿಮಿಷ ಮೌನ. ಆಟ ಶುರುಮಾಡುವ ಮೊದಲ ಪುಶ್‌ಬ್ಯಾಕ್ ಅವರ ಕವಲಿನ ಅತಿ ಕಿರಿಯ ಮಗುವಿನದು. ಗುಂಡು ಹಾರಿಸುವ ಆಸೆ ಇದ್ದರೆ ನೆನಪಿಡಿ, ನಮ್ಮಲ್ಲಿ ಒಟ್ಟಿಗೆ ಎರಡು ಗುಂಡು ಕೇಳಿದರೆ ಸಾವು ಅಂತ ಅರ್ಥ. ಅಕ್ಕಪಕ್ಕದ ಮನೆಯವರು ಓಡಿ ಬರುತ್ತಾರೆ. ಒಂದೇ ಗುಂಡಾಗಲಿ, ಊರಿಗೂ ಠಾಣೆಗೂ ಮೊದಲೇ ತಿಳಿಸಿರಿ. ಫೋಟೋವನ್ನು ಜೆರ್ಸಿಯ ಮೇಲೆ ಮುದ್ರಿಸುವುದು ನನಗೆ ಸರಿಕಾಣುವುದಿಲ್ಲ. ಬೆವರಿಗೆ, ಕೆಸರಿಗೆ, ನೆಲ ಒರೆಸುವ ಬಟ್ಟೆಯಾಗುವುದಕ್ಕೆ ಆ ಮುಖ ಸಿಗಬಾರದು. ತೋಳಿನ ಮೇಲೆ ಅವರ ಸೇನಾ ಸಂಖ್ಯೆ ಸಣ್ಣದಾಗಿ ಇರಲಿ, ಇದೇನು ಸಂಖ್ಯೆ ಅಂತ ಮಕ್ಕಳೇ ಕೇಳುತ್ತಾರೆ.

ಹಾಡಿಗೆ ದುಡಿ (ಸಣ್ಣ ಚರ್ಮವಾದ್ಯ) ಬಾರಿಸುತ್ತಾ ಬಾಳೋಪಾಟ್ (ನಮ್ಮ ಜನಪದ ಹಾಡು) ಹಾಡುವ ನಾಲ್ವರನ್ನು ಎರಡು ತಿಂಗಳು ಮೊದಲೇ ಗೊತ್ತುಮಾಡಿ. ದೊಡ್ಡಜ್ಜನ ಮೇಲೆ ಹೊಸ ಸಾಲು ಕಟ್ಟಿಸುವುದಾದರೆ ಪಡೆಯ ಇಂಗ್ಲಿಷ್ ಹೆಸರು ಕೊಟ್ಟು ಉಪಯೋಗವಿಲ್ಲ. ಒಕ್ಕ, ನಾಡು, ತಂದೆ, ತಾಯಿ, ತಾಯಿಯ ತವರು, ಎಷ್ಟನೇ ಮಗ, ಮನೆಬಿಟ್ಟ ದಿನ ಯಾವ ದಾರಿಯಲ್ಲಿ ಹೋದರು, ಯಾರು ಕಳಿಸಿಕೊಟ್ಟರು ಇವನ್ನು ಕೊಡಿ. ಹಾಡಿನಲ್ಲಿ ಕೂರುವುದು ಇಂಥ ವಿವರ. ಸಂಜೆ ಮಳೆ ಬಂದರೆ ದುಡಿಯ ಚರ್ಮ ಸಡಿಲಾಗಿ ನಾದ ಬಿದ್ದುಹೋಗುತ್ತದೆ, ಬಿಸಿ ತೋರಿಸಲು ಹತ್ತಿರದಲ್ಲಿ ಸ್ವಲ್ಪ ಕೆಂಡ ಇರಲಿ.

ಫೋಟೋವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತ ಫೋಟೋ ತೆಗೆಸಿ. ಲ್ಯಾಮಿನೇಶನ್ ಬೇಡವೇ ಬೇಡ. ಗೋಡೆಗೆ ಪ್ರತಿ ಹಾಕಿ, ಮೂಲವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಕೊಡಗಿನ ಮಳೆಗಾಲದಲ್ಲಿ ಮಣ್ಣಿನ ಗೋಡೆಗೆ ತಾಗಿದ ಚೌಕಟ್ಟಿನೊಳಗೆ ಬೂಷ್ಟು ಬಾರದೆ ಇರುವುದಿಲ್ಲ. ಪ್ರತಿಯ ಚೌಕಟ್ಟಿನ ನಾಲ್ಕು ಮೂಲೆಗೂ ಒಂದು ಸೆಂಟಿಮೀಟರ್ ಕಾರ್ಕ್ ಅಂಟಿಸಿ ಗಾಳಿ ಆಡಲು ಬಿಡಿ, ದೀಪದ ಹೊಗೆ ನೇರ ತಾಗದ ಗೋಡೆ ಆರಿಸಿ.

ಕಲ್ಲು ಕೊನೆಯದು. ಜಂಬಿಟ್ಟಿಗೆ ಕಲ್ಲಿನಲ್ಲಿ ಅಕ್ಷರ ನಿಲ್ಲುವುದಿಲ್ಲ, ಬೂದು ಗ್ರಾನೈಟ್ ತರಿಸಿ, ಸಾದಹಳ್ಳಿ ಕಲ್ಲು ಚೆನ್ನಾಗಿರುತ್ತದೆ. ಕನ್ನಡ ಅಕ್ಷರ ಮೂರು ಸೆಂಟಿಮೀಟರಿಗಿಂತ ಚಿಕ್ಕದಾದರೆ ಒತ್ತಕ್ಷರ ಒಂದಕ್ಕೊಂದು ಅಂಟಿ, ಎರಡು ಮಳೆಗಾಲದಲ್ಲಿ ಪಾಚಿ ಕೂತು ಓದಲಾಗುವುದಿಲ್ಲ. ಬಣ್ಣ ತುಂಬಿದರೆ ಎದ್ದು ಹೋಗುತ್ತದೆ, ಆಳವಾಗಿ ಕೆತ್ತಿಸಿ ಹಾಗೇ ಬಿಡಿ. ಮೇಲ್ಭಾಗಕ್ಕೆ ಸ್ವಲ್ಪ ಇಳಿಜಾರು ಕೊಡಿಸಿದರೆ ನೀರು ನಿಲ್ಲುವುದಿಲ್ಲ. ಹೆಸರು, ಒಕ್ಕ, ತಂದೆತಾಯಿ, ದರ್ಜೆ, ಸಂಖ್ಯೆ, ಪಡೆ, ದಿನ, ಅವರ ಹೆಸರಿರುವ ಸ್ಮಾರಕ ಮತ್ತು ಫೇಸ್ ಸಂಖ್ಯೆ, ಇದಿಷ್ಟೇ ಬರಲಿ. ಕೆತ್ತುವ ಮೊದಲು ಅದೇ ಅಳತೆಯ ಅಕ್ಷರಗಳನ್ನು ಕಾಗದದ ಮೇಲೆ ಮುದ್ರಿಸಿ ಐನ್‌ಮನೆಯ ಗೋಡೆಗೆ ಒಂದು ವಾರ ಅಂಟಿಸಿಡಿ. ಅವರನ್ನು ಕಂಡವರು ಅಥವಾ ಕಂಡವರ ಬಾಯಿಂದ ಕೇಳಿದವರು ಒಕ್ಕದಲ್ಲಿ ಇನ್ನೂ ಇದ್ದರೆ ಅವರನ್ನು ಕರೆತಂದು ಗಟ್ಟಿಯಾಗಿ ಓದಿ ಕೇಳಿಸಿ. ಅವರು ತಲೆಯಾಡಿಸಿದ ಮೇಲೆ ಕಲ್ಲುಕೆಲಸದವರಿಗೆ ಆ ಕಾಗದ ಕೊಡಿ.