ಮಾಸ್ಕ್ ಹಿಂದೆ ಸೊಟ್ಟಗಾದ ಬಾಯಿ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 2020ರ ಏಪ್ರಿಲ್‌ನ ಒಂದು ರಾತ್ರಿ ನಿಮ್ಮ ತಂದೆಯ ಮಾತು ತೊದಲಿತು, ಬಲಗೈ ಸೋತಿತು. ಆಸ್ಪತ್ರೆಗೆ ಹೋದರೆ ಕೊರೊನಾ ಅಂಟೀತು ಅಂತ ಹೆದರಿ ಬೆಳಗಿನವರೆಗೆ ಕಾದಿರಿ. ಆ ಕೈ ಇನ್ನೂ ಪೂರ್ತಿ ಬಂದಿಲ್ಲ. 'ತಪ್ಪು ನಮ್ಮದೇ ಅಲ್ವಾ?' ಎಂದು ಕೇಳಿದ್ದೀರಿ. ಶ್ವಾಸಕೋಶದ ವೈರಸ್‌ಗೂ ಮೆದುಳಿಗೂ ಏನು ಸಂಬಂಧ ಎಂಬ ನಿಮ್ಮ ಅಣ್ಣನ ವಾದವನ್ನೂ ಬರೆದಿದ್ದೀರಿ.

ಕಾದದ್ದು ತಪ್ಪೇ, ಸುಳ್ಳು ಹೇಳಿ ಸಮಾಧಾನ ಮಾಡಲಾರೆ. ಆದರೆ ಆ ತಪ್ಪನ್ನು ಜಗತ್ತೇ ಮಾಡಿತು. 70 ದೇಶಗಳ 457 ಆಸ್ಪತ್ರೆಗಳ ಲೆಕ್ಕ ಹಾಕಿದಾಗ, 2020ರ ಮಾರ್ಚ್‌ನಿಂದ ಜೂನ್‌ವರೆಗೆ ಸ್ಟ್ರೋಕ್ (ಲಕ್ವ) ಅಂತ ದಾಖಲಾದವರು ಅದಕ್ಕೂ ಹಿಂದಿನ ನಾಲ್ಕು ತಿಂಗಳಿಗಿಂತ ಸುಮಾರು ಶೇ. 11.5ರಷ್ಟು ಕಡಿಮೆ. ಲಕ್ವ ಹೊಡೆಯುವುದೇ ಇದ್ದಕ್ಕಿದ್ದಂತೆ ನಿಂತುಹೋಯಿತೇ? ನನಗಂತೂ ನಂಬಿಕೆಯಿಲ್ಲ. 'ಸ್ವಲ್ಪ ಜೋಮು ಹಿಡಿದಿದೆ, ಮಲಗಿದ್ರೆ ಸರಿಹೋಗುತ್ತೆ' ಎಂದುಕೊಂಡವರು ಮನೆಯಲ್ಲೇ ಉಳಿದರು.

ಸ್ಟ್ರೋಕ್‌ನಲ್ಲಿ ಗಡಿಯಾರದ್ದೇ ಕಾರುಬಾರು. ಮೆದುಳಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತನಾಳದೊಳಗೆ ತೆಳುವಾದ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವುದು ಕೆಲವರಿಗೆ 24 ಗಂಟೆಯವರೆಗೂ ಸಾಧ್ಯ, ಎಲ್ಲರಿಗೂ ಅಲ್ಲ. ಈ ಗಂಟೆಗಳನ್ನು ಎಣಿಸುವುದು ರೋಗಿ ಕೊನೆಯ ಸಲ ಸರಿಯಾಗಿದ್ದುದನ್ನು ಯಾರಾದರೂ ಕಂಡ ಹೊತ್ತಿನಿಂದ. ಲಾಕ್‌ಡೌನ್‌ನಲ್ಲಿ ಒಂಟಿಯಾಗಿದ್ದ ಅಜ್ಜಿಯನ್ನು ಯಾರು ಕಂಡಿದ್ದರು? ಮಗಳು ಬರುವಂತಿಲ್ಲ, ಪಕ್ಕದ ಮನೆಯವರು ಇಣುಕುವಂತಿಲ್ಲ. ಯಾವಾಗ ಶುರುವಾಯಿತು ಎಂದು ಹೇಳುವವರೇ ಇಲ್ಲದಿದ್ದರೆ ಇಂಜೆಕ್ಷನ್ ಕೊಡಲು ಡಾಕ್ಟರೂ ಹಿಂದೆಮುಂದೆ ನೋಡುತ್ತಾರೆ.

ಇನ್ನು ಮಾಸ್ಕ್. ಅದು ಬೇಕಿತ್ತು, ಅದರ ಬಗ್ಗೆ ಜಗಳವಿಲ್ಲ. ಆದರೆ ಲಕ್ವದ ಮೊದಲ ಗುರುತುಗಳಲ್ಲಿ ಒಂದು ಬಾಯಿ ಒಂದು ಕಡೆಗೆ ಜಾರುವುದು. ಮಾಸ್ಕ್ ಮುಚ್ಚಿದ್ದು ಅದನ್ನೇ. ಇದು ಹೊಳೆದಾಗ ನಾನು ಸುಮ್ನೆ ಕೂತುಬಿಟ್ಟೆ.

ಆಸ್ಪತ್ರೆ ಮುಟ್ಟಿದರೂ ನಿಮಿಷಗಳು ಸೋರುತ್ತಿದ್ದವು. ಮೈತುಂಬ ರಕ್ಷಣಾ ಉಡುಪು ತೊಡಬೇಕು. ಸೋಂಕಿನ ಶಂಕೆಯಿದ್ದವರ ಸ್ಕ್ಯಾನ್ ಆದಮೇಲೆ ಯಂತ್ರ ಒರೆಸಬೇಕು, ಮುಂದಿನವರು ಕಾಯಬೇಕು. ಮನೆಯವರು ಬಾಗಿಲ ಹೊರಗೆ. ಒಳಗಿರುವವರಿಗೆ ಮಾತೇ ಬರುತ್ತಿಲ್ಲ. ಯಾವ ಮಾತ್ರೆ ನುಂಗುತ್ತಾರೆ, ಎಷ್ಟು ಹೊತ್ತಿಗೆ ಹೀಗಾಯಿತು ಅಂತ ಹೇಳುವವರು ಯಾರು?

ಅಣ್ಣನವರಿಗೆ ಹೇಳಿ, ಕೋವಿಡ್ ಶ್ವಾಸಕೋಶಕ್ಕೆ ಮಾತ್ರ ನಿಲ್ಲುವುದಿಲ್ಲ. ಅದು ರಕ್ತ ಹೆಪ್ಪುಗಟ್ಟುವುದನ್ನು ಜಾಸ್ತಿ ಮಾಡುತ್ತದೆ, ಕೆಲವರಿಗೆ ಸ್ಟ್ರೋಕ್ ಬಂದದ್ದೇ ಹಾಗೆ. ಜ್ವರ ಬಂದರೆ ಫಿಟ್ಸ್ ಇರುವವರಿಗೆ ಫಿಟ್ಸ್ ಮರುಕಳಿಸಬಹುದು. ಐದು ನಿಮಿಷ ದಾಟಿದ ಫಿಟ್ಸ್ ತುರ್ತುಸ್ಥಿತಿ. ಔಷಧಿಯದೂ ಗೋಜಲು. ಸ್ನಾಯುಗಳು ಸೋಲುವ ಮಯಸ್ತೇನಿಯಾ ಕಾಯಿಲೆ ಇದ್ದವರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಅಜಿತ್ರೋಮೈಸಿನ್ ತೊಂದರೆ ಹೆಚ್ಚಿಸಬಹುದು. ಆ ದಿನಗಳಲ್ಲಿ ಜನ ಕೈಗೆ ಸಿಕ್ಕಂತೆ ನುಂಗಿದ್ದು ಇವನ್ನೇ. ಆಮೇಲೆ ಬಂದ ಕೋವಿಡ್ ಮಾತ್ರೆ ಪ್ಯಾಕ್ಸ್‌ಲೋವಿಡ್ ಅನ್ನು ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್ ಅಥವಾ ಫೆನಿಟಾಯಿನ್ ಜೊತೆ ಕೊಡುವಂತಿಲ್ಲ.

ಅಂಥ ಕಾಲ ಮತ್ತೆ ಬಂದರೆ ಏನು ಮಾಡಲಿ ಎಂದೂ ಕೇಳಿದ್ದೀರಿ. ಮಾಸ್ಕ್ ಸರಿಸಿ ನಗಲು ಹೇಳಿ, ಎರಡೂ ಕೈ ಎತ್ತಿಸಿ, ಒಂದು ವಾಕ್ಯ ಹೇಳಿಸಿ. ಒಂದರಲ್ಲಿ ಎಡವಟ್ಟಾದರೂ ಕೂಡಲೇ ಆಂಬುಲೆನ್ಸ್ ಕರೆಯಿರಿ. ಹೀಗಾದಾಗ ಹೊತ್ತು ಎಷ್ಟಾಗಿತ್ತು, ಯಾವ ಮಾತ್ರೆಗಳು ನಡೆಯುತ್ತಿವೆ, ನಿಮ್ಮ ಫೋನ್ ನಂಬರ್ ಏನು ಎಂಬುದನ್ನು ಚೀಟಿಯಲ್ಲಿ ಬರೆದು ರೋಗಿಯ ಜೇಬಿಗೆ ಹಾಕಿ. ನಿಮ್ಮನ್ನು ಬಾಗಿಲಲ್ಲೇ ತಡೆದರೂ ಆ ಚೀಟಿ ಒಳಗೆ ಹೋಗುತ್ತದೆ.

ತಂದೆಯವರ ಕೈ ವ್ಯಾಯಾಮ ನಿಲ್ಲಿಸಬೇಡಿ. ಮೊದಲ ಕೆಲವು ತಿಂಗಳಲ್ಲಿ ಬೇಗ ಬರುತ್ತದೆ ನಿಜ. ಆಮೇಲೂ, ನಿಧಾನಕ್ಕೆ, ಬರುವುದುಂಟು.

ನಿಮ್ಮ,
ಸಂಪಾದಕ