ಕೇಳುವವರ ನೆರಳು

‘ಮನುಷ್ಯರ ಮನಸ್ಸನ್ನು ಅರಿಯಬೇಕೆಂದು ಮನೋವಿಜ್ಞಾನ ಆರಿಸಿಕೊಂಡೆ. ತರಗತಿಯಲ್ಲಿ ನೋಡಿದರೆ ಚರಗಳು, ಮಾದರಿ ಆಯ್ಕೆ, ನಿಯಂತ್ರಿತ ಗುಂಪು ಇವೇ ಮಾತು. ಮನಸ್ಸಿನಲ್ಲಿ ಏನಿದೆ ಎಂದು ಎದುರಿಗಿರುವವರನ್ನೇ ಕೇಳಿದರೆ ಸಾಲದೇ?’
– ಮೊದಲ ವರ್ಷದ ವಿದ್ಯಾರ್ಥಿನಿ

ಸಂಪಾದಕರ ಉತ್ತರ:

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಕೇಳುವುದು ತಪ್ಪಲ್ಲ, ಸಂದರ್ಶನ, ಸಮೀಕ್ಷೆ ಎರಡೂ ಈ ಶಾಸ್ತ್ರದ ವಿಧಾನಗಳೇ. 1879ರಲ್ಲಿ ಮನೋವಿಜ್ಞಾನಿ ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್ಜಿಗ್‌ನಲ್ಲಿ ತೆರೆದ ಪ್ರಯೋಗಾಲಯದಲ್ಲಿಯೂ ಜನ ತಮ್ಮ ಅನುಭವವನ್ನು ತಾವೇ ಗಮನಿಸಿ ಹೇಳುತ್ತಿದ್ದರು. ಆದರೆ ಕೇಳುವವರ ನೆರಳು ಉತ್ತರದ ಮೇಲೆ ಬೀಳುತ್ತದೆ. ನಿಮಗೆ ಒಣ ಪಾಠವಾಗಿ ಕಾಣುವ ಬಹಳಷ್ಟು ನಿಯಮಗಳು ಹುಟ್ಟಿದ್ದು ಆ ನೆರಳನ್ನು ಸರಿಸುವುದಕ್ಕಾಗಿ.

ಬರ್ಲಿನ್‌ನ ಹಾನ್ಸ್ ಎಂಬ ಕುದುರೆಯ ಕಥೆಯನ್ನೇ ನೋಡಿ. ಲೆಕ್ಕ ಕೇಳಿದರೆ ಅದು ಗೊರಸಿನಿಂದ ನೆಲ ಕುಟ್ಟಿ ಉತ್ತರ ಕೊಡುತ್ತಿತ್ತು. 1904ರಲ್ಲಿ ಪರೀಕ್ಷಿಸಿದ ಸಮಿತಿಗೆ ಯಾವ ಮೋಸವೂ ಕಾಣಲಿಲ್ಲ. ಮೋಸ ಇರಲೂ ಇಲ್ಲ. ಆಮೇಲೆ ಮನೋವಿಜ್ಞಾನಿ ಓಸ್ಕರ್ ಫುಂಗ್ಸ್ಟ್ ಒಂದೊಂದೇ ಅಂಶವನ್ನು ಬದಲಿಸುತ್ತ ಹೋದರು. ಉತ್ತರ ಗೊತ್ತಿಲ್ಲದವರಿಂದ ಪ್ರಶ್ನೆ ಕೇಳಿಸಿದರು: ಹಾನ್ಸ್ ತಪ್ಪಿತು. ಕೇಳುವವರು ಕಾಣದಂತೆ ಕುದುರೆಯ ಕಣ್ಣಿಗೆ ಮರೆ ಕಟ್ಟಿದರು: ಮತ್ತೆ ತಪ್ಪಿತು. ಕುಟ್ಟುವ ಎಣಿಕೆ ಸರಿಯಾದ ಸಂಖ್ಯೆಗೆ ಬಂದೊಡನೆ, ಬಾಗಿದ್ದ ಪ್ರಶ್ನಿಗನ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಫುಂಗ್ಸ್ಟ್ ‘ಚರ’ವೊಂದನ್ನು, ಅಂದರೆ ಉತ್ತರವನ್ನು ಬದಲಿಸಬಲ್ಲ ಒಂದು ಅಂಶವನ್ನು, ಬೇರ್ಪಡಿಸಿದ್ದು ಹೀಗೆ. ಗುಟ್ಟು ತಿಳಿದ ಮೇಲೂ ತಮ್ಮ ತಲೆ ಅಲುಗದಂತೆ ತಡೆಯುವುದು ಅವರಿಗೇ ಕಷ್ಟವಾಯಿತು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಮನುಷ್ಯರ ವಿಷಯದಲ್ಲಿ ಉತ್ತರ ಬದಲಾಗಲು ಒಂದು ಪದವೇ ಸಾಕು. 1974ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರ ತೋರಿಸಿದರು. ಕಾರುಗಳು ‘ಡಿಕ್ಕಿ ಹೊಡೆದಾಗ’ ವೇಗ ಎಷ್ಟಿತ್ತು ಎಂದು 50 ಜನರನ್ನು, ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂದು ಇನ್ನು 50 ಜನರನ್ನು ಕೇಳಿದರು. ಉಳಿದವರನ್ನು ವೇಗದ ಬಗ್ಗೆ ಕೇಳಲೇ ಇಲ್ಲ. ವಾರದ ನಂತರ, ಒಡೆದ ಗಾಜು ನೋಡಿದಿರಾ ಎಂಬ ಪ್ರಶ್ನೆ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರಲ್ಲಿ 16 ಜನ, ‘ಡಿಕ್ಕಿ’ಯವರಲ್ಲಿ 7 ಜನ ಹೌದೆಂದರು. ಏನೂ ಕೇಳಿಸಿಕೊಳ್ಳದವರಲ್ಲಿ ಹೌದೆಂದವರು 6. ಈ ಮೂರನೆಯ ಗುಂಪೇ ನೀವು ದೂರುತ್ತಿರುವ ನಿಯಂತ್ರಿತ ಗುಂಪು. ಅದಿಲ್ಲದಿದ್ದರೆ 7 ಎಂಬುದು ‘ಡಿಕ್ಕಿ’ ಪದದ ಪ್ರಭಾವವೋ ಅಥವಾ ಜನ ಹೇಗೂ ಮಾಡುವ ತಪ್ಪೋ ಎಂದು ಹೇಳಲು ಬರುತ್ತಿರಲಿಲ್ಲ.

ಮಾದರಿ ಆಯ್ಕೆಯ, ಅಂದರೆ ಯಾರನ್ನು ಕೇಳಬೇಕೆಂದು ಆರಿಸುವುದರ, ಮಾತು ಇನ್ನೊಮ್ಮೆ ಆಡೋಣ. ಸದ್ಯಕ್ಕೆ ಒಂದು ಕೆಲಸ ಮಾಡಿ. ಜನರನ್ನು ಕೇಳಬೇಕೆಂದಿರುವ ಪ್ರಶ್ನೆಯನ್ನು ಒಂದೇ ಪದ ಬದಲಿಸಿ ಎರಡು ಬಗೆಯಲ್ಲಿ ಬರೆಯಿರಿ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಉತ್ತರಗಳನ್ನು ಎಣಿಸಿ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.