ಓದುಗರ ಪ್ರಶ್ನೆ: ಮೊದಲ ಪೇಜು ಸರಿ, ಎರಡನೆಯದರಿಂದ ಕಸ

ಪ್ರಶ್ನೆ: ಡೇಟಾ ಸಂಗ್ರಹಿಸುವ ಕಾರ್ಡೊಂದಕ್ಕೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ವಿಮ್ಯಾಲಕ್‌ನಿಂದ (ಕರ್ನಲ್‌ನಲ್ಲಿ ಮೆಮೊರಿ ಪಡೆಯುವ ಕರೆ) 4 ಎಂಬಿ ಬಫರ್ ಪಡೆದು, ರೀಮ್ಯಾಪ್_ಪಿಎಫ್‌ಎನ್_ರೇಂಜ್ ಬಳಸಿ ಅಪ್ಲಿಕೇಶನ್‌ಗೆ ಎಂಮ್ಯಾಪ್ ಮಾಡಿಕೊಟ್ಟಿದ್ದೇನೆ, ಅಂದರೆ ಅದು ನೇರವಾಗಿ ಓದುವಂತೆ ಅದರ ವಿಳಾಸಗಳಿಗೆ ಜೋಡಿಸಿದ್ದೇನೆ. ಮೊದಲ 4096 ಬೈಟ್ ಸರಿಯಾಗಿ ಬರುತ್ತವೆ, ಆಮೇಲೆ ಬರೀ ಕಸ. ಪೇಜ್ ಫಾಲ್ಟ್ (ಜೋಡಣೆಯಿಲ್ಲದ ವಿಳಾಸ ಮುಟ್ಟಿದಾಗ ಸಿಪಿಯು ಕರ್ನಲ್‌ಗೆ ಕೊಡುವ ಸೂಚನೆ) ಕೂಡ ಇಲ್ಲ. ಎಲ್ಲಿ ಹುಡುಕಲಿ?

ಉತ್ತರ: 4096 ಎಂಬ ಅಂಕಿಯೇ ಗುಟ್ಟು ಬಿಟ್ಟುಕೊಟ್ಟಿದೆ. ಎಕ್ಸ್86ರಲ್ಲಿ ಅದು ಒಂದು ಪೇಜಿನ, ಅಂದರೆ ಮೆಮೊರಿ ಹಂಚುವ ತುಂಡಿನ, ಅಳತೆ. ಮೊದಲ ಪೇಜಿನ ಪಿಎಫ್‌ಎನ್ (ಭೌತಿಕ ಮೆಮೊರಿಯಲ್ಲಿ ಆ ಪೇಜಿನ ಕ್ರಮಸಂಖ್ಯೆ) ಮಾತ್ರ ಪಡೆದು, ಪೂರ್ತಿ 4 ಎಂಬಿಯನ್ನು ಅದರ ಲೆಕ್ಕದಲ್ಲೇ ಮ್ಯಾಪ್ ಮಾಡಿರುತ್ತೀರಿ. ರೀಮ್ಯಾಪ್_ಪಿಎಫ್‌ಎನ್_ರೇಂಜ್ ಆ ಪಿಎಫ್‌ಎನ್‌ಗೆ ಒಂದೊಂದೇ ಕೂಡಿಸುತ್ತಾ ಹೋಗುತ್ತದೆ. ವಿಮ್ಯಾಲಕ್ ಕೊಡುವ 1024 ಪೇಜುಗಳಾದರೋ ರ‍್ಯಾಮ್‌ನಲ್ಲಿ ಎಲ್ಲೆಲ್ಲೋ ಚದುರಿರುತ್ತವೆ. ಸಾಲಾಗಿರುವುದು ಕರ್ನಲ್‌ನ ವರ್ಚುವಲ್ ವಿಳಾಸ ಮಾತ್ರ. ಹಾಗಾಗಿ ಎರಡನೇ ಪೇಜಿನಿಂದ ನೀವು ನೋಡುತ್ತಿರುವುದು ಬೇರೆ ಯಾರದೋ ಮೆಮೊರಿ. ಪೇಜ್ ಟೇಬಲ್ (ಯಾವ ವರ್ಚುವಲ್ ವಿಳಾಸಕ್ಕೆ ಯಾವ ಪೇಜು ಎಂಬ ಪಟ್ಟಿ) ಮೊದಲೇ ತುಂಬಿರುವುದರಿಂದ ಫಾಲ್ಟ್ ಬರುವ ಪ್ರಶ್ನೆಯೇ ಇಲ್ಲ.

ಓದಿದರೆ ಕಸ, ಬರೆದರೆ ಅನಾಹುತ: ಕರ್ನಲ್ ಇದಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ ಕುಸಿದು ಬೀಳಬಹುದು. ಮೊದಲು ರೈಟ್ ಪರೀಕ್ಷೆ ನಿಲ್ಲಿಸಿ.

ಬಫರ್‌ಗೆ ಡೇಟಾ ತುಂಬುವುದು ಸಿಪಿಯು ಆದರೆ ವಿಮ್ಯಾಲಕ್_ಯೂಸರ್ ಮತ್ತು ರೀಮ್ಯಾಪ್_ವಿಮ್ಯಾಲಕ್_ರೇಂಜ್ ಜೋಡಿ ಬಳಸಿ. ಮೊದಲನೆಯದು ಪೇಜುಗಳನ್ನು ಸೊನ್ನೆ ಮಾಡಿಯೇ ಕೊಡುವುದರಿಂದ ಕರ್ನಲ್‌ನ ಹಳೇ ಡೇಟಾ ಹೊರಗೆ ಸೋರುವುದಿಲ್ಲ. ಸರಿಹೋಯಿತೇ ಎಂದು ನೋಡಲು ಆ ಪ್ರೊಸೆಸ್‌ನ ಮ್ಯಾಪಿಂಗ್‌ಗಳ ವಿವರವಿರುವ ಸ್ಮ್ಯಾಪ್ಸ್ ಫೈಲಿನಲ್ಲಿ ನಿಮ್ಮ ಮ್ಯಾಪಿಂಗ್‌ನ ವಿಎಂಫ್ಲ್ಯಾಗ್ಸ್ ಸಾಲು ಓದಿ. ಈಗ ಅಲ್ಲಿ ‘ಐಒ’ (ಸಾಧನದ ಮೆಮೊರಿ), ‘ಪಿಎಫ್’ (ಬರೀ ಪಿಎಫ್‌ಎನ್ ಲೆಕ್ಕದ ಮ್ಯಾಪಿಂಗ್) ಎಂಬ ಗುರುತುಗಳು ಇರುತ್ತವೆ. ಬದಲಾಯಿಸಿದ ಮೇಲೆ ಅವು ಹೋಗಿ ‘ಎಂಎಂ’ (ಮಿಶ್ರ ಮ್ಯಾಪಿಂಗ್) ಬರಬೇಕು.

ಕಾರ್ಡೇ ಡಿಎಂಎ ಮಾಡುತ್ತದೆಂದಾದರೆ (ಸಿಪಿಯು ಇಲ್ಲದೆ ತಾನೇ ಮೆಮೊರಿಗೆ ಬರೆಯುತ್ತದೆಂದಾದರೆ) ದಾರಿ ಬೇರೆ: ಡಿಎಂಎ_ಅಲಕ್_ಕೊಹೆರೆಂಟ್, ಡಿಎಂಎ_ಎಂಮ್ಯಾಪ್_ಕೊಹೆರೆಂಟ್. ಇಲ್ಲಿ ಎಂಮ್ಯಾಪ್ ಆಫ್‌ಸೆಟ್ ಬಫರ್‌ನ ಆರಂಭದಿಂದ ಎಣಿಕೆಯಾಗುತ್ತದೆ. ಅಲ್ಲಿ ಭೌತಿಕ ವಿಳಾಸ ತುರುಕಿದರೆ ಇಎನ್‌ಎಕ್ಸ್‌ಐಒ ಎಂಬ ದೋಷ ವಾಪಸ್ ಬರುತ್ತದೆ. ಬಹಳ ಹೊತ್ತು ಓಡಿದ ಯಂತ್ರದಲ್ಲಿ 4 ಎಂಬಿ ಒಂದೇ ತುಂಡಾಗಿ ಸಿಗದೇ ಹೋಗಬಹುದು. ಪ್ರೋಬ್ ಹಂತದಲ್ಲೇ (ಕಾರ್ಡು ಪತ್ತೆಯಾಗಿ ಡ್ರೈವರ್ ಸಿದ್ಧವಾಗುವಾಗ) ಪಡೆದಿಟ್ಟುಕೊಳ್ಳಿ.

ಪ್ರಶ್ನೆ: ತಲಾ 4 ಎಂಬಿಯ ಎರಡು ಬಫರ್‌ಗಳಿವೆ, ಪೇಜುಗಳನ್ನು ಫಾಲ್ಟ್ ಹ್ಯಾಂಡ್ಲರ್‌ನಿಂದಲೇ (ಪೇಜ್ ಫಾಲ್ಟ್ ಆದಾಗ ಓಡುವ ಡ್ರೈವರ್ ಕೋಡ್) ಕೊಡುತ್ತೇನೆ. ಮೊದಲನೆಯದು ಕೆಲಸ ಮಾಡುತ್ತದೆ. ಆಫ್‌ಸೆಟ್ 4 ಎಂಬಿ ಕೊಟ್ಟು ಎರಡನೆಯದನ್ನು ಮ್ಯಾಪ್ ಮಾಡಿ ಮುಟ್ಟಿದೊಡನೆ ಸಿಗ್‌ಬಸ್ ಸಿಗ್ನಲ್ ಬಂದು ಅಪ್ಲಿಕೇಶನ್ ಸಾಯುತ್ತದೆ. ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಲಾಗ್) ಏನೂ ಇಲ್ಲ.

ಉತ್ತರ: ಸಿಗ್‌ಸೆಗ್ವಿ (ಅಕ್ರಮ ವಿಳಾಸದ ಸಿಗ್ನಲ್) ಬರದೆ ಸಿಗ್‌ಬಸ್ ಬಂದಿರುವುದು ಒಳ್ಳೆಯದೇ: ಕರ್ನಲ್‌ಗೆ ನಿಮ್ಮ ವಿಎಂಎ (ಆ ಮ್ಯಾಪಿಂಗ್‌ನ ದಾಖಲೆ) ಸಿಕ್ಕಿದೆ, ಬೇಡ ಎಂದದ್ದು ಹ್ಯಾಂಡ್ಲರ್ ಇರಬೇಕು. ಡಿಬಗ್ಗರ್ ಜಿಡಿಬಿಯಲ್ಲಿ ಸಿಗ್‌ಇನ್ಫೋ (ಸಿಗ್ನಲ್‌ನ ವಿವರ) ಮುದ್ರಿಸಿದರೆ ಯಾವ ವಿಳಾಸ ಎಂಬುದು ಸಿಗುತ್ತದೆ. ಆಮೇಲೆ ಹ್ಯಾಂಡ್ಲರ್‌ನ ಮೊದಲ ಸಾಲಿನಲ್ಲೇ ವಿಎಂಎಫ್‌ನ (ಹ್ಯಾಂಡ್ಲರ್‌ಗೆ ಬರುವ ಫಾಲ್ಟ್ ವಿವರ) ಪಿಜಿಆಫ್, ಅಂದರೆ ಪೇಜುಗಳಲ್ಲಿ ಎಣಿಸಿದ ಆಫ್‌ಸೆಟ್, ಮುದ್ರಿಸಿ. ಎರಡನೇ ಬಫರ್‌ಗೆ ಅದು 1024ರಿಂದ ಶುರುವಾಗುತ್ತದೆ, ಏಕೆಂದರೆ ಎಂಮ್ಯಾಪ್ ಆಫ್‌ಸೆಟ್ ಅದರಲ್ಲೇ ಸೇರಿದೆ. ‘1024 ಅಥವಾ ಹೆಚ್ಚಾದರೆ ಸಿಗ್‌ಬಸ್’ ಎಂಬ ಪರೀಕ್ಷೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ವಿಎಂಎಯ ವಿಎಂ_ಪಿಜಿಆಫ್ (ಮ್ಯಾಪಿಂಗ್ ಶುರುವಾಗುವ ಆಫ್‌ಸೆಟ್) ಕಳೆಯುವುದು ಅನೇಕರು ಮಾಡುವ ಸುಲಭದ ತೇಪೆ. ಬಫರ್‌ನ ನಡುವಿನಿಂದ ಮ್ಯಾಪ್ ಮಾಡಿದವರಿಗೆ ಅದು ತಪ್ಪು ಪೇಜು ಕೊಡುತ್ತದೆ. ಕಳೆಯಬೇಕಾದದ್ದು ಬಫರ್ ಶುರುವಾಗುವ ಸಂಖ್ಯೆ, ಅಂದರೆ ಇಲ್ಲಿ 1024.

ಹಾಗೆಯೇ, ಪೇಜು ಕೊಡುವ ಮುನ್ನ ಗೆಟ್_ಪೇಜ್ (ಪೇಜಿನ ಬಳಕೆದಾರರ ಎಣಿಕೆ ಹೆಚ್ಚಿಸುವ ಕರೆ) ಕರೆದಿದ್ದೀರಾ ನೋಡಿ. ಅದು ತಪ್ಪಿದ್ದರೆ ಅನ್‌ಮ್ಯಾಪ್ ಆದಾಗ ಪೇಜು ಬಿಡುಗಡೆಯಾಗಿ, ಆಮೇಲೆ ‘ಬ್ಯಾಡ್ ಪೇಜ್ ಸ್ಟೇಟ್’ ಎಂಬ ಸಂದೇಶ ಬರಬಹುದು.

ಪ್ರಶ್ನೆ: ಕಾರ್ಡಿನ ಮೆಮೊರಿಯನ್ನು ರೀಮ್ಯಾಪ್_ಪಿಎಫ್‌ಎನ್_ರೇಂಜ್‌ನಿಂದ ಮ್ಯಾಪ್ ಮಾಡಿದ್ದೇನೆ. ಓದಲು ತೊಂದರೆಯಿಲ್ಲ, ಆದರೆ ಅದನ್ನೇ ಓ_ಡೈರೆಕ್ಟ್ ಫೈಲಿಗೆ (ಕರ್ನಲ್ ಕ್ಯಾಶ್ ದಾಟಿ ನೇರವಾಗಿ ಬರೆಯುವಂತೆ ತೆರೆದದ್ದು) ಬರೆದರೆ ಇಫಾಲ್ಟ್ ಎಂಬ ದೋಷ.

ಉತ್ತರ: ಡೈರೆಕ್ಟ್ ಐಒ ನಿಮ್ಮ ಪೇಜುಗಳನ್ನು ಹಿಡಿದಿಟ್ಟುಕೊಳ್ಳಲು ನೋಡುತ್ತದೆ; ‘ಐಒ’, ‘ಪಿಎಫ್’ ಗುರುತಿರುವ ಮ್ಯಾಪಿಂಗ್‌ಗೆ ಕರ್ನಲ್ ಅದನ್ನು ಒಪ್ಪುವುದಿಲ್ಲ. ಓ_ಡೈರೆಕ್ಟ್ ತೆಗೆಯಿರಿ, ಇಲ್ಲವೇ ಸಾಮಾನ್ಯ ಬಫರ್‌ಗೆ ನಕಲು ಮಾಡಿಕೊಂಡು ಬರೆಯಿರಿ.